ಕೇರಿಯ ಮಕ್ಕಳಿಗೆ ಕಪ್ಪು ಜನರ ಚರಿತ್ರೆ

ತುಬಚಿಯ ನಮ್ಮ ಕೇರಿಯೊಳಗೆ ಸಂಜಿಮುಂದ ಹತ್ತು ಹನ್ನೆರಡು ಸಣ್ಣ ಹುಡುಗರನ್ನು ಕೂಡಿಸಿಕೊಂಡು ಓದು ಬರಹ ಹೇಳುತ್ತೇನೆ. ಒಂದು ದಿನ ಎರಡನೇ ಇಯತ್ತೆಯ ಹುಡುಗಿಯೊಬ್ಬಳು ಮುಖದ ತುಂಬ ಪೌಡರು ಬಡಕೊಂಡು ಬಂದು ಕುಂತಳು. ಅತ್ತು ಅತ್ತು ಪೌಡರಿನ ಮ್ಯಾಲೆ ಎರಡು ಗೆರಿ ಮೂಡಿದ್ದವು. ಏನಾತವಾ ಅಂದೆ. “ಅಣ್ಣಾ, ಸಾಲ್ಯಾಗ ನನಗ ಕರಿಕಾಗಿ ಅಂತಾರ. ಯಾರೂ ಬಾಜೂಕ ಕುಂದ್ರಂಗಿಲ್ಲ” ಅಂದಳು.

“ನೀ ಏನ್ ಕರಿ ಇಲ್ಲ ಬಿಡು” ಅಂತ ಸಮಾಧಾನ ಹೇಳಬಹುದಿತ್ತು. ನಾನು ಸಣ್ಣವನಿದ್ದಾಗ ನಮ್ಮವ್ವ ನನಗೆ ಹಂಗೇ ಹೇಳಿದ್ದಳು. ಆದರೆ ಅದು ಸುಳ್ಳು. ಬರೀ ಸುಳ್ಳಲ್ಲ, ಕಪ್ಪಾಗಿರುವುದೇ ತಪ್ಪು ಅನ್ನುವವರ ಮಾತಿಗೆ ನಾವೇ ಒತ್ತಿಕೊಡುವ ಹೆಬ್ಬೆಟ್ಟು. ಅದಕ್ಕೇ ಆವತ್ತು ಪಾಟಿ ಬದಿಗಿಟ್ಟು ಮಕ್ಕಳನ್ನೆಲ್ಲ ಹತ್ತಿರ ಕರೆದು ಕೇಳಿದೆ: “ಗೋಲಗುಮ್ಮಟ ಯಾರು ಯಾರು ನೋಡೀರಿ?” ಎಲ್ಲರೂ ಕೈ ಎತ್ತಿದರು. ವಿಜಾಪುರ ನಮ್ಮೂರಿಗೆ ದೂರದ ಮಾತಲ್ಲ. ಸಾಲಿಯ ಟ್ರಿಪ್ಪಿನಲ್ಲಿ ಹೋಗಿ ಗುಮ್ಮಟದೊಳಗೆ ಕೂಗು ಹಾಕಿ, ತಮ್ಮ ದನಿ ತಿರುಗಿ ಬಂದದ್ದು ಕೇಳಿ ನಕ್ಕು ಬಂದ ಮಕ್ಕಳೇ ಎಲ್ಲ.

ಆ ಗುಮ್ಮಟದಡಿ ಮಲಗಿದವನು ಮಹಮದ್ ಆದಿಲಶಾಹ, 1656ರಲ್ಲಿ ಸತ್ತವನು. ಇಷ್ಟನ್ನು ಎಲ್ಲ ಮಾಸ್ತರರೂ ಹೇಳುತ್ತಾರೆ. ಅವನ ದರಬಾರಿನಲ್ಲಿ ದೊಡ್ಡ ಅಧಿಕಾರ ನಡೆಸಿದ ಇಖ್ಲಾಸ್ ಖಾನ್ ಆಫ್ರಿಕ ಮೂಲದ ಕಪ್ಪು ಮನುಷ್ಯ ಎಂದು ಯಾರೂ ಹೇಳುವುದಿಲ್ಲ. ಸುಲ್ತಾನನೂ ಇಖ್ಲಾಸ್ ಖಾನನೂ ಒಂದೇ ಆನೆಯ ಮೇಲೆ ಕೂತು ಹೋಗುವ ಚಿತ್ರ ಆ ಕಾಲದ್ದೇ ಉಳಿದಿದೆ. ಅದಕ್ಕೂ ಮೊದಲು ಇಮ್ಮಡಿ ಇಬ್ರಾಹಿಮ್ ಆದಿಲಶಾಹ ಇನ್ನೂ ಹುಡುಗನಿದ್ದಾಗ, 1580ರ ದಶಕದಲ್ಲಿ, ರಾಜ್ಯದ ಲಗಾಮು ಹಿಡಿದಿದ್ದ ದಿಲಾವರ್ ಖಾನನೂ ಹಬ್ಶಿಯೇ. ಇವರಂಥ ಎಷ್ಟೋ ಮಂದಿಯನ್ನು ಎಳೆವಯಸ್ಸಿನಲ್ಲೇ ಹಿಡಿದು, ಮಾರಿ, ಕಡಲು ದಾಟಿಸಿ ದಖ್ಖಣಕ್ಕೆ ತಂದಿದ್ದರು.

ಆಮೇಲೆ ಮಲಿಕ್ ಅಂಬರನ ಕತಿ ಹೇಳಿದೆ. ಸುಮಾರು 1548ರಲ್ಲಿ ಇಥಿಯೋಪಿಯದಲ್ಲಿ ಹುಟ್ಟಿದ ಹುಡುಗ. ಸಂತೆಯಲ್ಲಿ ದನ ಮಾರಿದ ಹಾಗೆ ಕೈಯಿಂದ ಕೈಗೆ ಮಾರಿದರು. ಕೊನೆಗೆ ಅಹ್ಮದನಗರಕ್ಕೆ ಬಂದ. ಕೊಂಡ ಧಣಿ ಸತ್ತ ಮೇಲೆ ಬಿಡುಗಡೆಯಾಗಿ, ಕೆಲಕಾಲ ವಿಜಾಪುರದ ಸೈನ್ಯದಲ್ಲೂ ದುಡಿದು, ಕೊನೆಗೆ ಅಹ್ಮದನಗರದ ಆಡಳಿತವನ್ನೇ ಕೈಗೆ ತಗೊಂಡ. ದಿಲ್ಲಿಯ ಬಾದಶಹ ಜಹಾಂಗೀರ ತನ್ನ ಆತ್ಮಕತೆಯಲ್ಲಿ ಇವನನ್ನು ಬಣ್ಣ ಹಿಡಿದೇ ಬೈದ. ಅಂಬರನ ಕಡಿದ ತಲೆಗೆ ತಾನು ಬಾಣ ಬಿಡುವ ಹಾಗೆ ಚಿತ್ರ ಬರೆಸಿಕೊಂಡ. ತಲೆ ಸಿಕ್ಕಿದ್ದು ಚಿತ್ರದಲ್ಲಿ ಅಷ್ಟೇ. ಮೊಗಲರಿಗೆ ಮಣಿಯದೆ ಅಂಬರ 1626ರಲ್ಲಿ, ಎಂಬತ್ತರ ಹತ್ತಿರದ ಮುಪ್ಪಿನಲ್ಲಿ, ತೀರಿಕೊಂಡ.

“ಹಂಗಾರ ರಾಜಾಗೂ ಕರಿಯ ಅಂತ ಬೈತಿದ್ರನ?” ಅಂದಳು ಹುಡುಗಿ. “ಹೂಂ, ಬೈದಾಂವ ಸೋತ” ಅಂದೆ. ಪೌಡರಿನ ಮುಖದಲ್ಲಿ ನಗಿ ಬಂತು.

ಮಕ್ಕಳಿಗೆ ಇನ್ನೂ ಹಿಡಿಸಿದ್ದು ನೀರಿನ ಮಾತು. ಅಂಬರ 1610ರಲ್ಲಿ ಖಡಕಿ ಎಂಬ ಊರು ಕಟ್ಟಿದ. ಮುಂದೆ ಔರಂಗಾಬಾದ್ ಎನಿಸಿಕೊಂಡದ್ದು ಅದೇ. ಆ ಒಣ ನೆಲಕ್ಕೆ ನೆಲದೊಳಗಿನ ಕಾಲುವೆ ತೋಡಿಸಿ ನೀರು ತಂದ. ನಹರ್-ಎ-ಅಂಬರಿ ಅಂತ ಅದಕ್ಕೆ ಅವನದೇ ಹೆಸರು. ತುಬಚಿ-ಬಬಲೇಶ್ವರ ಏತ ನೀರಾವರಿಯ ಹೆಸರಿನ ಜೋಡಿ ಬೆಳೆದ ಮಕ್ಕಳಿಗೆ ನೀರು ತರುವುದೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಒಂದು ಕೊಡ ನೀರಿಗಾಗಿ ಬಾವಿಯ ದಂಡಿಯಲ್ಲಿ ನಿಂತು “ನೀರ ಹಾಕ್ರೆವ್ವಾ” ಅಂತ ಬೇಡಿದವರ ಮೊಮ್ಮಕ್ಕಳು ಇವರು. ಮಾರಿಸಿಕೊಂಡು ಬಂದ ಒಬ್ಬ ಮನುಷ್ಯ ಇಡೀ ಶಹರಕ್ಕೆ ನೀರು ಕುಡಿಸಿದ ಅನ್ನುವುದು ಇವರಿಗೆ ಬರೀ ಚರಿತ್ರೆಯಲ್ಲ, ಬೆನ್ನೆಲುಬು.

ಆದರೆ ಗೆಳೆಯರೇ, ಅರಮನೆಯಲ್ಲೇ ನಿಂತರೆ ನಾವೂ ರಾಜರ ಭಟ್ಟಂಗಿಗಳಾಗುತ್ತೇವೆ. ಅಂಬರನೂ ಕತ್ತಿ ಹಿಡಿದವನೇ. 1624ರಲ್ಲಿ ವಿಜಾಪುರದ ಪಕ್ಕದ ನವರಸಪುರವನ್ನು ಹಾಳುಗೆಡವಿದ್ದು ಅವನ ದಂಡೇ. ದರಬಾರು ಏರಿದ ಹಬ್ಶಿ ಒಬ್ಬನಾದರೆ ಏರದೆ ಉಳಿದವರು ಸಾವಿರ. ಅವರ ಕುಲದವರು ಎಲ್ಲೋ ಇಲ್ಲ, ನಮ್ಮ ಕರ್ನಾಟಕದಲ್ಲೇ ಇದ್ದಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಾಡುಗಳಲ್ಲಿ, ಧಾರವಾಡ-ಬೆಳಗಾವಿ ಜಿಲ್ಲೆಗಳ ಅಂಚಿನಲ್ಲಿ ಬಾಳುವ ಸಿದ್ದಿಗಳು.

1510ರಲ್ಲಿ ಗೋವೆ ಹಿಡಿದ ಪೋರ್ತುಗೀಸರು ಮೊಜಾಂಬಿಕ್ ಕಡೆಯಿಂದ ಹಡಗಿನಲ್ಲಿ ಜನರನ್ನು ತಂದು ಮಾರಿದರು. 19ನೇ ಶತಮಾನದ ಅರ್ಧ ದಾಟುವವರೆಗೂ ಗುಲಾಮರನ್ನು ಇಟ್ಟುಕೊಳ್ಳುವುದನ್ನು ಅವರ ಕಾನೂನೇ ಒಪ್ಪಿತ್ತು. ಆ ಮನೆಗಳಿಂದ ತಪ್ಪಿಸಿಕೊಂಡ ಎಷ್ಟೋ ಜನ ಘಟ್ಟ ಹತ್ತಿ ಕಾಡು ಸೇರಿದರು. ಓಡಿಹೋಗುವುದೂ ಒಂದು ಬಂಡಾಯ. ನಮ್ಮ ಪಠ್ಯಗಳು ಇದನ್ನು ಬಂಡಾಯ ಅನ್ನುವುದಿಲ್ಲ. ಕಾಡಿನಲ್ಲೂ ಅವರಿಗೆ ಸುಖವೇನೂ ಸಿಗಲಿಲ್ಲ. ಭೂಮಿ ಬೇರೆಯವರದು, ಕೂಲಿ ಇವರದು, ಸಾಲ ಮಕ್ಕಳ ತಲೆಗೆ. ಈ ಕತಿ ನಮ್ಮ ಕೇರಿಗೆ ಹೊಸದೇನು?

ಇಂದು ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಕೊಂಕಣಿ ಬೆರೆತ ತಮ್ಮ ಮಾತಿನ ಜೋಡಿ ಕನ್ನಡವನ್ನೂ ಆಡುತ್ತಾರೆ. ಹಿರಿಯರನ್ನು ನೆನೆಯುತ್ತಾರೆ, ಡಮಾಮಿ ಬಾರಿಸಿ ಕುಣಿಯುತ್ತಾರೆ. ನಮ್ಮ ಅವ್ವಂದಿರು ಕೌದಿ ಹೊಲಿದ ಹಾಗೆ ಅವರ ಹೆಂಗಸರು ಹಳೇ ಬಟ್ಟೆಯ ತುಂಡು ಕೂಡಿಸಿ ಕವಂದಿ ಹೊಲಿಯುತ್ತಾರೆ. ಅಂಚಿನಿಂದ ಸುತ್ತಿ ಬಂದು ನಡುವಿಗೆ ಮುಗಿಸುತ್ತಾರೆ. ಮೂಲೆಗಳಿಗೆ ಮಡಿಚಿದ ಬಟ್ಟೆಯ ಹೂ ಇಡದಿದ್ದರೆ ಅದು ಪೂರ್ತಿಯಾದ ಹಾಗಲ್ಲ. ಇದನ್ನು ಹೇಳಿದಾಗ ಹುಡುಗನೊಬ್ಬ ಎದ್ದು ಓಡಿ ಮನಿಯಿಂದ ಅಜ್ಜಿಯ ಕೌದಿ ಎಳಕೊಂಡು ಬಂದ. ಆಫ್ರಿಕ ಅಲ್ಲಿಗೆ ನಮ್ಮ ಕೇರಿಯ ಮಗ್ಗುಲಿಗೆ ಬಂತು.

ಸಿದ್ದಿಗಳನ್ನು ಸರಕಾರ ನೋಡಿದ ರೀತಿಯನ್ನೂ ದೊಡ್ಡ ಮಕ್ಕಳಿಗೆ ಹೇಳಬೇಕು. 1980ರ ದಶಕದ ಕೊನೆಯಲ್ಲಿ ಕ್ರೀಡಾ ಪ್ರಾಧಿಕಾರದವರು ಸಿದ್ದಿ ಹುಡುಗ ಹುಡುಗಿಯರನ್ನು ಓಟಕ್ಕೆಂದು ಆರಿಸಿ ಒಯ್ದರು. ಕೆಲವೇ ವರ್ಷಕ್ಕೆ ಯೋಜನೆ ನಿಂತಿತು. ಕಾಲು ಕಂಡಿತು, ತಲೆ ಕಾಣಲಿಲ್ಲ. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಧಾರವಾಡ, ಬೆಳಗಾವಿಯವರಿಗೆ ಅದು ಸಿಕ್ಕಿದ್ದು 2020ರಲ್ಲಿ. ಅದೇ ವರ್ಷ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಸಿದ್ದಿ ಜನರೊಳಗಿಂದ ಅಲ್ಲಿ ಹೋಗಿ ಕೂತ ಮೊದಲಿಗರು ಅವರು.

ಸಣ್ಣ ಮಕ್ಕಳಿಗೆ ಇದನ್ನೆಲ್ಲ ಯಾಕೆ ಹೇಳಬೇಕು ಅನ್ನುವವರಿಗೆ ಅಮೆರಿಕದ ಕಾರ್ಟರ್ ವುಡ್ಸನ್ ಉತ್ತರ ಕೊಟ್ಟಿದ್ದಾನೆ. ಗುಲಾಮರಾಗಿದ್ದ ತಂದೆ ತಾಯಿಯ ಮಗ. ಕಲ್ಲಿದ್ದಲ ಗಣಿಯಲ್ಲಿ ದುಡಿದ. ಓದು ಬಾರದ ಗಣಿ ಕೂಲಿಗಳಿಗೆ ಪತ್ರಿಕೆ ಓದಿ ಹೇಳಿದ. ಇಪ್ಪತ್ತರ ವಯಸ್ಸಿನಲ್ಲಿ ಹೈಸ್ಕೂಲು ಸೇರಿ 1912ರಲ್ಲಿ ಹಾರ್ವರ್ಡಿನಿಂದ ಡಾಕ್ಟರೇಟ್ ಪಡೆದ. ತನ್ನ ಜನರ ಮಕ್ಕಳು ಓದುವ ಚರಿತ್ರೆಯಲ್ಲಿ ತನ್ನ ಜನರೇ ಇಲ್ಲ ಎಂದು ಕಂಡು, 1926ರ ಫೆಬ್ರುವರಿಯಲ್ಲಿ ಒಂದು ವಾರವನ್ನು ಕಪ್ಪು ಜನರ ಚರಿತ್ರೆಗೆಂದು ಆಚರಣೆಗೆ ತಂದ. 1976ರಿಂದ ಅದು ಇಡೀ ತಿಂಗಳಾಯಿತು.

ಫೆಬ್ರುವರಿಯೇ ಯಾಕೆ? ಲಿಂಕನ್ನನ ಜೋಡಿ ಫ್ರೆಡರಿಕ್ ಡಗ್ಲಾಸನ ಹುಟ್ಟುಹಬ್ಬವೂ ಆ ತಿಂಗಳಲ್ಲಿ. ಗುಲಾಮನಾಗಿ ಹುಟ್ಟಿದ ಡಗ್ಲಾಸನಿಗೆ ತಾನು ಹುಟ್ಟಿದ ದಿನ ಗೊತ್ತಿರಲಿಲ್ಲ; 14ನೇ ತಾರೀಖನ್ನು ತಾನೇ ಆರಿಸಿಕೊಂಡ. ಅಕ್ಷರ ಕಲಿಸತೊಡಗಿದ ಯಜಮಾನಿತಿಯನ್ನು ಅವಳ ಗಂಡ ತಡೆದಾಗ, ಬೀದಿಯ ಬಡ ಬಿಳಿ ಹುಡುಗರಿಗೆ ರೊಟ್ಟಿ ಕೊಟ್ಟು ಅಕ್ಷರ ಕಲಿತ. ನಮ್ಮಪ್ಪನ ಹುಟ್ಟಿದ ದಿನ ಜೂನ್ 1. ನಮ್ಮ ಕಾಕಾನದೂ ಜೂನ್ 1. ಸಾಲಿಗೆ ಹಚ್ಚುವಾಗ ಮಾಸ್ತರರು ಬರೆದುಕೊಂಡ ದಿನ ಅದು. ಡಗ್ಲಾಸನ ಕತಿ ಓದಿದ ರಾತ್ರಿ ನನಗೆ ನಿದ್ದಿ ಹತ್ತಲಿಲ್ಲ.

ಈ ನಂಟು ನಾನು ಕಟ್ಟಿದ್ದಲ್ಲ. ಜೋತಿಬಾ ಫುಲೆ 1873ರಲ್ಲಿ ‘ಗುಲಾಮಗಿರಿ’ ಬರೆದು, ಕಪ್ಪು ಗುಲಾಮರ ಬಿಡುಗಡೆಗೆ ಹೋರಾಡಿದ ಅಮೆರಿಕದ ಜನರಿಗೆ ಅರ್ಪಿಸಿದರು. ಬಾಬಾಸಾಹೇಬರು 1946ರಲ್ಲಿ ಕಪ್ಪು ಜನರ ವಿದ್ವಾಂಸ ಡು ಬಾಯ್ಸ್‌ಗೆ ಪತ್ರ ಬರೆದರು. 1972ರಲ್ಲಿ ಮುಂಬಯಿಯ ನಮ್ಮ ತರುಣರು ದಲಿತ ಪ್ಯಾಂಥರ್ ಅಂತ ಹೆಸರಿಟ್ಟುಕೊಂಡದ್ದು ಕಪ್ಪು ಪ್ಯಾಂಥರರನ್ನು ನೋಡಿಯೇ. ಹಿರಿಯರು ಹಾಕಿದ ಹಾದಿ ಇದು. ಮಕ್ಕಳನ್ನು ಇದರಲ್ಲಿ ನಡೆಸುವ ಕೆಲಸ ಮಾತ್ರ ಬಾಕಿ ಇದೆ.

ಹಳ್ಳಿಯ ಮಾಸ್ತರರೇ, ಅಕ್ಕೋರೇ, ನಿಮ್ಮಲ್ಲಿ ಒಂದೆರಡು ಅರಿಕೆ. ಸಣ್ಣ ಮಕ್ಕಳಿಗೆ ಸರಪಳಿಯಿಂದ ಶುರು ಮಾಡಬೇಡಿ. ಮೊದಲು ಹೆಸರು ಹೇಳಿ, ಅವರು ತಂದ ನೀರು ಹೇಳಿ, ಡಮಾಮಿ ಹೇಳಿ, ಕವಂದಿ ಹೇಳಿ. ಮನುಷ್ಯ ಕಣ್ಣಿಗೆ ಕಂಡ ಮೇಲೆ ಅವನ ಕಾಲಿಗೆ ಬಿದ್ದ ಸರಪಳಿ ಹೇಳಿ; ಆಗ ಮಗುವಿಗೆ ಕನಿಕರ ಹುಟ್ಟುವುದಿಲ್ಲ, ಸಿಟ್ಟು ಹುಟ್ಟುತ್ತದೆ. ಸರಪಳಿಯನ್ನು ಮುಚ್ಚಿಡಲೂ ಬೇಡಿ. ಸ್ನೇಹ ಸಮ್ಮೇಳನದಲ್ಲಿ ಮಕ್ಕಳ ಮುಖಕ್ಕೆ ಕಪ್ಪು ಬಳಿದು, ಸೊಂಟಕ್ಕೆ ಎಲೆ ಕಟ್ಟಿ ‘ಆಫ್ರಿಕದವರು’ ಅಂತ ಕುಣಿಸುವುದನ್ನು ನಾನು ಕಂಡಿದ್ದೇನೆ. ಎಲ್ಲರೂ ನಕ್ಕರು. ಕಪ್ಪು ಬಳಿಯಬೇಕಾಗಿರದ ನಮ್ಮ ಕೇರಿಯ ಮಕ್ಕಳು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಂತಿದ್ದರು. ದಯವಿಟ್ಟು ಅದನ್ನು ಬಿಡಿ.

ಮರುದಿನ ಆ ಹುಡುಗಿ ಪೌಡರು ಹಚ್ಚದೇ ಬಂದಳು. ಸಾಲಿಯಲ್ಲಿ ಬೈಗುಳ ನಿಂತಿರಲಿಲ್ಲ. ಒಂದು ಕತಿಗೆ ನಿಲ್ಲುವಂಥದಲ್ಲ ಅದು. ಪಾಟಿ ತೆಗೆಯುತ್ತ ಕೇಳಿದಳು: “ಅಣ್ಣಾ, ಅಂಬರನ ಕತಿ ಬರದಾರ. ನಮ್ಮ ಕೇರಿದು ಯಾರು ಬರದಾರ?”

ಯಾರೂ ಬರೆದಿಲ್ಲವೆಂದೆ. ಆ ವಾರ ಮಕ್ಕಳು ಮನಿ ಮನಿಗೆ ಹೋಗಿ ಅಜ್ಜ ಅಮ್ಮಂದಿರನ್ನು ಕೇಳಿ ಬಂದರು: ಬಾವಿ ತೋಡಿದವರು ಯಾರು, ಹಲಗಿ ಬಾರಿಸಿದವರು ಯಾರು, ಮೊದಲು ಸಾಲಿಗೆ ಹೋದವರು ಯಾರು. ಒಂದು ನೂರು ಪುಟದ ನೋಟುಬುಕ್ಕಿನಲ್ಲಿ ಹನ್ನೊಂದು ಪುಟ ತುಂಬಿವೆ. ನಿಮ್ಮ ಊರಿನ ನೋಟುಬುಕ್ಕನ್ನು ನಿಮ್ಮ ಮಕ್ಕಳ ಕೈಯಲ್ಲಿ ಇವತ್ತೇ ಕೊಡಿ.