ಫಿನ್‌ಟೆಕ್ ಕೆಲಸ: ಪದವಿ ಓದುವ ಮಕ್ಕಳ ಮನೆಯವರಿಗೆ



ಕಾಲೇಜು ಓದುವ ಮಕ್ಕಳಿರುವ ಮನೆಗಳಿಂದ ಈಚೆಗೆ ಸಂಘಕ್ಕೆ ಪದೇ ಪದೇ ಬರುವ ಪ್ರಶ್ನೆ ಒಂದೇ: ಫಿನ್‌ಟೆಕ್ ಅಂದರೆ ಏನು, ಅದಕ್ಕೆ ಏನು ಓದಿಸಬೇಕು? ವಾಸ್ಕೋ, ಮಡಗಾಂವ್, ಫೋಂಡಾ, ಕಾಣಕೋಣ, ಕಾರವಾರ, ಖಾನಾಪುರದವರಿಗೆ ಬಿಡಿಬಿಡಿಯಾಗಿ ಹೇಳುವ ಬದಲು ತಿಳಿದಷ್ಟನ್ನು ಇಲ್ಲಿ ಬರೆದಿಡುತ್ತಿದ್ದೇವೆ. ಸದಸ್ಯರೊಬ್ಬರು ಮಗಳಿಗಾಗಿ ಸಾಲ ಮಾಡಿ, 'ಕೆಲಸ ಗ್ಯಾರಂಟಿ' ಎಂಬ ಆನ್‌ಲೈನ್ ಕೋರ್ಸಿಗೆ ದುಡ್ಡು ಕಟ್ಟಿದರು. ಸರ್ಟಿಫಿಕೇಟ್ ಬಂತು, ಕೆಲಸ ಬರಲಿಲ್ಲ. ಅವರು ನಮ್ಮನ್ನು ಕೇಳಿದ್ದು ದುಡ್ಡು ಕಟ್ಟಿದ ಮೇಲೆ.

ಹಣಕಾಸಿನ ಸೇವೆಯನ್ನು ಮೊಬೈಲು, ಕಂಪ್ಯೂಟರಿನ ಮೂಲಕ ಜನರ ಕೈಗೆ ಮುಟ್ಟಿಸುವುದೇ ಫಿನ್‌ಟೆಕ್. ನಮ್ಮ ಕರಾವಳಿಗೆ ಇದು ತೀರ ಹೊಸದೇನಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಯೋಜನೆ ತಂದಿತು. ಏಜೆಂಟರು ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಪುಸ್ತಕದಲ್ಲಿ ಬರೆಯುತ್ತಿದ್ದರು. ಬ್ಯಾಂಕೇ ಬಾಗಿಲಿಗೆ ಬರುವುದು ಅಲ್ಲಿಂದಲೇ ಶುರು. (ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹಳಬರಿಗೆ ಈಗಲೂ ಅದು ಸಿಂಡಿಕೇಟೇ.)

ಈಗಿನದನ್ನು ಅರ್ಥ ಮಾಡಿಕೊಳ್ಳಲು 2016ರಲ್ಲಿ ಬಂದ ಯುಪಿಐ ಸಾಕು. ಅಂಗಡಿಯಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಹಣ ಆ್ಯಪಿನವರ ಬಳಿ ಹೋಗುವುದಿಲ್ಲ. ಆ್ಯಪ್ ಕೋರಿಕೆ ಕಳಿಸುತ್ತದೆ, ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ನಿನ ವ್ಯವಸ್ಥೆ ಅದನ್ನು ಎರಡೂ ಬ್ಯಾಂಕುಗಳಿಗೆ ದಾಟಿಸುತ್ತದೆ, ಒಂದು ಖಾತೆಯಲ್ಲಿ ಖರ್ಚು, ಇನ್ನೊಂದರಲ್ಲಿ ಜಮೆ. ಬ್ಯಾಂಕು-ಬ್ಯಾಂಕಿನ ನಡುವಿನ ಲೆಕ್ಕ ಆಮೇಲೆ ಕಂತು ಕಂತಾಗಿ ಚುಕ್ತಾ ಆಗುತ್ತದೆ. ನಡುವೆ ಎಲ್ಲೋ ತಪ್ಪಿ, ಕಳಿಸಿದವರ ಖಾತೆಯಲ್ಲಿ ಹಣ ಕಡಿತವಾಗಿ ಪಡೆಯುವವರ ಖಾತೆಗೆ ಸೇರದಿದ್ದರೆ? ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯಂತೆ ಒಬ್ಬರಿಂದ ಒಬ್ಬರಿಗೆ ಕಳಿಸಿದ ಹಣ ಮರುದಿನದೊಳಗೆ ತಾನಾಗಿ ವಾಪಸಾಗಬೇಕು, ಅಂಗಡಿಯ ಪಾವತಿಯಾದರೆ ಐದು ದಿನದೊಳಗೆ. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ.

ಹಾಗೆ ತಪ್ಪಿದ್ದನ್ನು ಹುಡುಕಿ ಸರಿಪಡಿಸುವವರು ಯಾರು? ಅದಕ್ಕೂ ಮನುಷ್ಯರೇ ಬೇಕು. ನಮ್ಮ ಕಾಲದಲ್ಲಿ ಸಂಜೆ ಲೆಕ್ಕ ತಾಳೆಯಾಗದೆ ಗುಮಾಸ್ತ ಮನೆಗೆ ಹೋಗುವಂತಿರಲಿಲ್ಲ. ಐದು ಪೈಸೆ ಹೆಚ್ಚು ಬಂದರೂ ಮತ್ತೆ ಮೊದಲಿನಿಂದ ಕೂಡಬೇಕಿತ್ತು. ಅದೇ ತಾಳೆ ಕೆಲಸ ಈಗ ಕಂಪ್ಯೂಟರಿನಲ್ಲಿ ಲಕ್ಷಗಟ್ಟಲೆ ಸಾಲುಗಳ ಮೇಲೆ ನಡೆಯುತ್ತದೆ. ಜೊತೆಗೆ ಕೆವೈಸಿ ಪರಿಶೀಲನೆ, ವಂಚನೆ ಪತ್ತೆ, ಸಾಲದ ಅಪಾಯ ಅಳೆಯುವುದು, ದೂರು ವಿಚಾರಣೆ, ಆ್ಯಪ್ ಪರೀಕ್ಷಿಸುವುದು. ಕೋಡಿಂಗ್ ಬರುವವರಿಗೆ ಮಾತ್ರ ಈ ಕೆಲಸ ಎಂಬುದು ತಪ್ಪು ತಿಳಿವಳಿಕೆ. ಬಿ.ಕಾಂ. ಮಕ್ಕಳು ಹಿಂಜರಿಯಬೇಕಾಗಿಲ್ಲ. ಆದರೆ ಎಕ್ಸೆಲ್ ಚೆನ್ನಾಗಿ ಬರಬೇಕು, ಎಸ್‌ಕ್ಯೂಎಲ್ ಕಲಿಯಬೇಕು, ಸಾಧ್ಯವಾದರೆ ಸ್ವಲ್ಪ ಪೈಥಾನ್. ಹಾಗೆಯೇ ಕಂಪ್ಯೂಟರ್ ಓದಿದವರಿಗೆ ಜಮೆ-ಖರ್ಚು ಗೊತ್ತಿರಬೇಕು. ಇದನ್ನು ಅವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಗೋವಾದಲ್ಲೇ ಓದುವವರಿಗೆ ತಾಳಗಾಂವ್ ಗುಡ್ಡದ ಮೇಲಿನ ಗೋವಾ ವಿಶ್ವವಿದ್ಯಾಲಯವಿದೆ, 1985ರದು. ಅಲ್ಲಿನ ಗೋವಾ ಬಿಸಿನೆಸ್ ಸ್ಕೂಲಿನಲ್ಲಿ ವಾಣಿಜ್ಯ, ಅರ್ಥಶಾಸ್ತ್ರ, ಮ್ಯಾನೇಜ್‌ಮೆಂಟ್, ಕಂಪ್ಯೂಟರ್ ವಿಜ್ಞಾನ ಒಂದೇ ಸೂರಿನಡಿ ಇವೆ; ಹಣಕಾಸು ಸೇವೆಗಳ ಎಂಬಿಎ ಕೂಡ ಇದೆ. ಸಾಂಖಳಿಯ ಗೋವಾ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಒಳ್ಳೆಯದೇ, ಆದರೆ ಖಾಸಗಿ. ಶುಲ್ಕ ನೋಡಿಕೊಂಡು ಹೆಜ್ಜೆ ಇಡಿ. ದುಡ್ಡಿಲ್ಲದವರು ಕೇಂದ್ರ ಸರ್ಕಾರದ ಸ್ವಯಂ ಜಾಲತಾಣ ನೋಡಿ: ಪಾಠ ಉಚಿತ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಷೇರು, ಮ್ಯೂಚುವಲ್ ಫಂಡ್ ಕಡೆ ಹೋಗುವವರಿಗೆ ಸೆಬಿ ಸ್ಥಾಪಿಸಿದ ಎನ್‌ಐಎಸ್‌ಎಂ ಸಂಸ್ಥೆಯ ಪರೀಕ್ಷೆಗಳಿವೆ. ಇವನ್ನೆಲ್ಲ ನೋಡಿದ ಮೇಲೆ ಉಳಿದ ಕೋರ್ಸುಗಳ ಮಾತು.

ಇನ್ನು ಭಾಷೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಕೊಂಕಣಿ, ಪೇಟೆಯಲ್ಲಿ ಮರಾಠಿ-ಹಿಂದಿ, ಕಾಲೇಜಿನಲ್ಲಿ ಇಂಗ್ಲಿಷ್: ಗಡಿ ಊರಿನ ಮಕ್ಕಳಿಗೆ ಇದು ಹುಟ್ಟಿನಿಂದಲೇ ಬಂದದ್ದು, ಹಾಗಾಗಿ ಅದರ ಬೆಲೆ ಅವರಿಗೆ ತಿಳಿಯದು. ದುಡ್ಡು ಸಿಕ್ಕಿಬಿದ್ದು ಗಾಬರಿಯಾದ ಮೀನು ಮಾರುವ ಅಮ್ಮ ಇಂಗ್ಲಿಷಿನಲ್ಲಿ ದೂರು ಹೇಳುವುದಿಲ್ಲ. ಅರ್ಜಿಯಲ್ಲಿ ಐದೂ ಭಾಷೆ ಬರೆಯಿರಿ. ಓದಲು ಬರೆಯಲು ಬರುವುದು ಯಾವುದು, ಮಾತಾಡಲು ಮಾತ್ರ ಬರುವುದು ಯಾವುದು ಎಂಬುದನ್ನು ಬೇರೆ ಬೇರೆಯಾಗಿ ನಮೂದಿಸಿ. ಕನ್ನಡ ಲಿಪಿ ಬಾರದ ಮಕ್ಕಳು ನಮ್ಮಲ್ಲಿ ಹೆಚ್ಚುತ್ತಿದ್ದಾರೆ, ಅದು ಇಲ್ಲಿಯೂ ನಷ್ಟವೇ.

ರಜೆಯಲ್ಲಿ ಮಾಡಬಹುದಾದ ಒಂದು ಅಭ್ಯಾಸ: ಪರಿಚಯದ ಅಂಗಡಿಯವರ ಒಪ್ಪಿಗೆ ಪಡೆದು, ಒಂದು ತಿಂಗಳ ಕ್ಯೂಆರ್ ಜಮೆಯನ್ನು ಅವರ ಬಿಲ್ಲು ಪುಸ್ತಕದೊಂದಿಗೆ ತಾಳೆ ನೋಡುವುದು. ತಾಳೆಯಾಗದ ಪ್ರತಿ ಸಾಲಿಗೂ ಕಾರಣ ಬರೆಯಬೇಕು. ಆ ಎರಡು ಪುಟವನ್ನು ಸಂದರ್ಶನಕ್ಕೆ ಒಯ್ದರೆ ಮಾತಾಡಲು ವಿಷಯವಿರುತ್ತದೆ. ಅಂಗಡಿಯವರ ಪಿನ್, ಒಟಿಪಿ ಮಾತ್ರ ಯಾವ ಕಾರಣಕ್ಕೂ ಕೇಳಬಾರದು.

ಬೆಂಗಳೂರಿಗೆ ಸಂದರ್ಶನಕ್ಕೆ ಹೋಗುವವರು ಮೊದಲೇ ತಿಳಿಸಿದರೆ ಅಲ್ಲಿರುವ ನಮ್ಮ ಸದಸ್ಯರ ಮನೆಗಳಲ್ಲಿ ಉಳಿಯುವ ವ್ಯವಸ್ಥೆಗೆ ಪ್ರಯತ್ನಿಸುತ್ತೇವೆ. ಯಾವುದೇ ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ಅದರ ಕಾಗದಪತ್ರ ಸಂಘದ ಕಚೇರಿಗೆ ತನ್ನಿ, ಕೂತು ಓದೋಣ. ವಿದ್ಯಾರ್ಥಿಗಳ ಸಭೆಯ ದಿನಾಂಕವನ್ನು ಕಾರ್ಯಕ್ರಮಗಳ ಪುಟದಲ್ಲಿ ಹಾಕುತ್ತೇವೆ.

– ಕಾರ್ಯದರ್ಶಿ