ಮೊಟ್ಟೆಗೂಡು

ಸಾಕುಕೋಳಿಗಳು ಮೊಟ್ಟೆ ಇಡಲೆಂದು ಒದಗಿಸುವ, ನಸುಗತ್ತಲೆಯ ಪೆಟ್ಟಿಗೆ ಅಥವಾ ಬುಟ್ಟಿ. ಕರ್ನಾಟಕದ ಹಳ್ಳಿಗಳಲ್ಲಿ ಹುಲ್ಲು ಹಾಸಿದ ಹಳೆಯ ಮಂಕರಿಯನ್ನು ಕೊಟ್ಟಿಗೆಯ ಮೂಲೆಯಲ್ಲಿ ಇಡುವ ವಾಡಿಕೆಯುಂಟು. ಅದು ಹಿಡಿಸದಿದ್ದರೆ ಹೇಂಟೆ ಬೇಲಿಸಂದಿಯಲ್ಲೋ ಮೆದೆಯ ಬುಡದಲ್ಲೋ ಕದ್ದು ಮೊಟ್ಟೆ ಇಡುತ್ತದೆ. ಭಾರತದ ದೊಡ್ಡ ಮೊಟ್ಟೆ ಉದ್ಯಮ ಬಹುಮಟ್ಟಿಗೆ ಪಂಜರಗಳನ್ನೇ ನೆಚ್ಚಿರುವುದರಿಂದ ಮೊಟ್ಟೆಗೂಡಿನ ಬಳಕೆ ಹೆಚ್ಚಾಗಿ ಹಿತ್ತಲ ಸಾಕಣೆಗೂ ಮರಿ ಮಾಡಿಸಲು ಸಾಕುವ ತಳಿಕೋಳಿಗಳಿಗೂ ಸೀಮಿತ.

ಗೂಡು ಹುಡುಕುವ ನಡವಳಿಕೆ: ಮೊಟ್ಟೆ ಇಡುವುದಕ್ಕೆ ಒಂದೆರಡು ಗಂಟೆ ಮೊದಲೇ ಹೇಂಟೆ ಚಡಪಡಿಸತೊಡಗುತ್ತದೆ. ಮೂಲೆಮೂಲೆ ಇಣುಕುತ್ತದೆ, ಒಂದೇ ಪೆಟ್ಟಿಗೆಯನ್ನು ಹಲವು ಸಲ ಹೊಕ್ಕು ಹೊರಬರುತ್ತದೆ. ಕೊನೆಗೆ ಒಂದೆಡೆ ಕುಳಿತು, ಎದೆಯನ್ನು ಹುಲ್ಲಿಗೊತ್ತಿ ಸುತ್ತ ತಿರುಗುತ್ತ ಕುಳಿ ಮಾಡಿ, ಕೊಕ್ಕಿಗೆ ಸಿಕ್ಕ ಎಳೆಗಳನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತದೆ. ಹೊಟ್ಟೆಯಲ್ಲಿರುವ ಮೊಟ್ಟೆಯ ಒತ್ತಡವೇ ಇದಕ್ಕೆ ಕಾರಣವೆಂದು ಮೇಲುನೋಟಕ್ಕೆ ಅನಿಸುತ್ತದೆ. ಆದರೆ ಎಡಿನ್‌ಬರೋದ ವುಡ್-ಗಶ್ ಮತ್ತು ಗಿಲ್ಬರ್ಟ್ 1964ರಲ್ಲಿ ಪ್ರಕಟಿಸಿದ ಪ್ರಯೋಗಗಳು ಬೇರೆಯದನ್ನೇ ತೋರಿದವು. ಅಂಡಾಶಯದಿಂದ ಹಳದಿ ಭಂಡಾರ ಬಿಡುಗಡೆಯಾದ ಮೇಲೆ ಅಲ್ಲೇ ಉಳಿಯುವ ಬರಿದಾದ ಕೋಶವನ್ನು ತೆಗೆದುಹಾಕಿದಾಗ, ಮೊಟ್ಟೆ ಇದ್ದೂ ಗೂಡು ಹುಡುಕುವ ಸಹಜ ನಡವಳಿಕೆ ಕಾಣಲಿಲ್ಲ. ಮೊಟ್ಟೆ ರೂಪುಗೊಳ್ಳಲು ಸುಮಾರು 25 ಗಂಟೆ ಬೇಕು. ಅದರಲ್ಲಿ 20 ಗಂಟೆಯಷ್ಟು ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ಅಂದರೆ ಇಂದಿನ ಹುಡುಕಾಟ ನಿನ್ನೆಯ ಅಂಡೋತ್ಸರ್ಗದ ಫಲ; ಹಾರ್ಮೋನುಗಳು ಅದನ್ನು ಆಗಲೇ ನಿಗದಿಪಡಿಸಿರುತ್ತವೆ. ಗೂಡು ಸಿಗದ ಕೋಳಿ ಎಳೆದೆಳೆದು ನರಳಿದಂತೆ ಕೂಗುತ್ತ ಅತ್ತಿಂದಿತ್ತ ಅಲೆಯುವುದು ಇದೇ ಕಾರಣಕ್ಕಿರಬೇಕು.

ರೂಢಿ ಮಾಡಿಸುವುದು: ಮೊದಲ ಕೆಲವು ಮೊಟ್ಟೆ ಇಟ್ಟ ಜಾಗವೇ ಸಾಮಾನ್ಯವಾಗಿ ಅಭ್ಯಾಸವಾಗಿಬಿಡುತ್ತದೆ. ಹಾಗಾಗಿ ಪೆಟ್ಟಿಗೆಗಳನ್ನು ಮೊಟ್ಟೆ ಶುರುವಾಗುವ ಎರಡು ಮೂರು ವಾರ ಮುಂಚೆಯೇ ಇಡಬೇಕು. ತಡವಾದರೆ ನೆಲದಲ್ಲಿಡುವ ಚಾಳಿ ಬಿಡಿಸುವುದು ಕಷ್ಟ. ನಾಲ್ಕೈದು ಕೋಳಿಗೆ ಒಂದು ಪೆಟ್ಟಿಗೆ, ಉದ್ದ ಅಗಲ ಎತ್ತರ ತಲಾ 30 ಸೆಂ.ಮೀ. ಸಾಕು. ಗಿರಿರಾಜದಂಥ ಭಾರದ ತಳಿಗಳಿಗೆ ಅದನ್ನು ತಗ್ಗಿನಲ್ಲಿಡುವುದು ಒಳ್ಳೆಯದು. ರಾತ್ರಿ ಕೂರುವ ಅಡ್ಡಗಳು ಪೆಟ್ಟಿಗೆಗಿಂತ ಎತ್ತರದಲ್ಲಿರಬೇಕು. ಇಲ್ಲವಾದರೆ ಕೋಳಿಗಳು ಪೆಟ್ಟಿಗೆಯಲ್ಲೇ ಮಲಗಿ ಹಿಕ್ಕೆ ಹಾಕುತ್ತವೆ. ಹಾಸಿಗೆಗೆ ಭತ್ತದ ಹುಲ್ಲು, ಹೊಟ್ಟು, ಮರದ ಹೊಟ್ಟು ಯಾವುದಾದರೂ ಆದೀತು.

ಮೊಟ್ಟೆ ಕಂಡಲ್ಲಿ ಮೊಟ್ಟೆ ಇಡುವುದು ಹಲವು ಹೇಂಟೆಗಳ ಸ್ವಭಾವ. ಎಲ್ಲ ಮೊಟ್ಟೆಗಳನ್ನೂ ತೆಗೆಯದೆ ಬುಟ್ಟಿಯಲ್ಲಿ ಒಂದನ್ನು ಉಳಿಸುವ ಹಳ್ಳಿಯ ಪದ್ಧತಿಗೂ, ಸಾಕಣೆಗಾರರು ಬಳಸುವ ಸುಣ್ಣದ ಅಥವಾ ಮರದ ಸುಳ್ಳು ಮೊಟ್ಟೆಗೂ ಇದೇ ಆಧಾರ. ನೆಲದಲ್ಲಿ ಬಿದ್ದ ಮೊಟ್ಟೆಯನ್ನು ಕೂಡಲೇ ಎತ್ತಬೇಕಾದದ್ದೂ ಇದರಿಂದಲೇ. ಕತ್ತಲೆಯ ಮೂಲೆಗಳಿಗೆ ಬೆಳಕು ಬೀಳುವಂತೆ ಮಾಡುವುದು, ಅದಾಗದಿದ್ದರೆ ಅಡ್ಡಗಟ್ಟುವುದು, ಬಹುಶಃ ಎಲ್ಲಕ್ಕಿಂತ ಅಗ್ಗದ ಉಪಾಯ.

ಕಾನೂನು: ಐರೋಪ್ಯ ಒಕ್ಕೂಟದ 1999ರ ನಿರ್ದೇಶನದಂತೆ ಪಂಜರವಿಲ್ಲದ ಸಾಕಣೆಯಲ್ಲಿ 7 ಕೋಳಿಗೆ ಒಂದು ಗೂಡು ಅಥವಾ 120 ಕೋಳಿಗೆ 1 ಚದರ ಮೀಟರ್ ಸಾಮೂಹಿಕ ಗೂಡು ಕಡ್ಡಾಯ. ಗೂಡಿಲ್ಲದ ಹಳೆಯ ಮಾದರಿಯ ಪಂಜರಗಳು ಅಲ್ಲಿ 2012ರ ಜನವರಿ 1ರಿಂದ ನಿಷಿದ್ಧ.