ಹೆಬ್ಬೆಟ್ಟಿನ ಚರಿತ್ರೆ

ನಮ್ಮ ಕಡೆ, ಅಂದ್ರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಬಯಲುಸೀಮೆಯಲ್ಲಿ, ‘ಹೆಬ್ಬೆಟ್ಟು’ ಅನ್ನೋದು ಹೆಚ್ಚೂಕಮ್ಮಿ ಬೈಗುಳ. ಅಕ್ಷರ ಬಾರದವನು ಅಂತ ಅರ್ಥ. ತಾತನ ಕಾಲದವರು ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತಿ, ಮಕ್ಕಳಾದ್ರೂ ಸಹಿ ಹಾಕಲಿ ಅಂತ ಸ್ಕೂಲಿಗೆ ಕಳಿಸಿದರು. ಅವರ ಮೊಮ್ಮಕ್ಕಳಾದ ನಾವು ಬಿಇ ಮಾಡಿ ಬೆಂಗಳೂರಿಗೆ ಬಂದು, ಆಫೀಸಿನ ಬಾಗಿಲಿಗೆ, ಫೋನಿಗೆ, ಸಿಮ್ಮಿಗೆ ಮತ್ತೆ ಬೆರಳು ಒತ್ತುತ್ತಾ ಇದ್ದೀವಿ.

ಪ್ರೈವೆಸಿ ವಿಷಯ ಬಂದಾಗಲೆಲ್ಲ ಟೀಮಿನಲ್ಲಿ ಯಾರಾದರೊಬ್ಬರು ಹೇಳ್ತಾರೆ: ಅದೆಲ್ಲ ಹೊಟ್ಟೆ ತುಂಬಿದವರ ಚಿಂತೆ, ಹಳ್ಳಿಯವರಿಗೆ ಅದರಿಂದ ಏನಾಗಬೇಕು? ಈ ಮಾತು ನನಗೆ ಒಪ್ಪಿಗೆಯಿಲ್ಲ. ಯಾಕಂದ್ರೆ ಸರ್ಕಾರ ಬೆರಳಚ್ಚು ತಗೊಳ್ಳೋ ಚರಿತ್ರೆ ಶುರುವಾಗಿದ್ದೇ ಹಳ್ಳಿಯ ಕೈಗಳಿಂದ.

1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಅನ್ನೋ ಬ್ರಿಟಿಷ್ ಅಧಿಕಾರಿ ರಸ್ತೆ ಕೆಲಸದ ಸಾಮಗ್ರಿಗೆ ರಾಜ್ಯಧರ ಕೊನಾಯ್ ಎಂಬ ಸ್ಥಳೀಯನ ಜೊತೆ ಕರಾರು ಮಾಡಿಕೊಂಡ. ಸಹಿ ಸಾಲದು ಅಂತ ಇಡೀ ಅಂಗೈಯ ಅಚ್ಚನ್ನೇ ಕಾಗದದ ಮೇಲೆ ಒತ್ತಿಸಿಕೊಂಡ. ನಾಳೆ ಇವನು ‘ಇದು ನನ್ನ ಸಹಿಯಲ್ಲ’ ಅನ್ನಬಾರದು ಅನ್ನೋದು ಉದ್ದೇಶ. ಅಂದ್ರೆ ಹಿಂದೆ ಇದ್ದದ್ದು ಅಪನಂಬಿಕೆ. 1897ರಲ್ಲಿ ಕಲ್ಕತ್ತದಲ್ಲಿ ಬೆರಳಚ್ಚು ಬ್ಯೂರೋ ಶುರುವಾಯ್ತು. ಲಂಡನ್ನಿನ ಸ್ಕಾಟ್‌ಲೆಂಡ್ ಯಾರ್ಡ್‌ಗೆ ಅಂಥದ್ದು ಬಂದಿದ್ದು 1901ರಲ್ಲಿ. ಸಾವಿರಾರು ಅಚ್ಚುಗಳನ್ನ ವಿಂಗಡಿಸಿ ಹುಡುಕೋ ಲೆಕ್ಕಾಚಾರದಲ್ಲಿ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಪದ್ಧತಿಗೆ ಹೆಸರು ಬಂದಿದ್ದು ಮಾತ್ರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದು. (ಕೋಡ್ ಬರೆಯೋನು ಒಬ್ಬ, ಸ್ಲೈಡ್‌ನಲ್ಲಿ ಹೆಸರು ಇನ್ನೊಬ್ಬನದು. ನಮಗೇನು ಹೊಸದಾ?)

ಅಲ್ಲಿಂದ ನೇರ ನಮ್ಮ ಜಿಲ್ಲೆಗೆ ಬರೋಣ. 2009ರ ಜನವರಿಯಲ್ಲಿ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿ ಆಧಾರ್ ಪ್ರಾಧಿಕಾರ ಮಾಡಿತು. 2010ರಲ್ಲಿ ಕರ್ನಾಟಕ, ಆಂಧ್ರ, ಬಿಹಾರದ ಹಳ್ಳಿಗಳಲ್ಲಿ ಸುಮಾರು 75,000 ಜನರ ಬೆರಳು, ಕಣ್ಣಿನ ಪಾಪೆ ತಗೊಂಡು, ಎರಡನೇ ಸಲ ಕರೆದು, ತಾಳೆ ಆಗುತ್ತಾ ಅಂತ ನೋಡಿದರು. ಆಮೇಲೆ ಕರ್ನಾಟಕದಲ್ಲಿ ನೋಂದಣಿ ಮೊದಲು ಶುರುವಾದ ಜಿಲ್ಲೆಗಳು ಮೈಸೂರು ಮತ್ತು ತುಮಕೂರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ನಮ್ಮೂರುಗಳ ಜನ ಬೀಟಾ ಯೂಸರ್‌ಗಳು. ನಾವು ಒಂದು ಪುಟಗೋಸಿ ಆ್ಯಪ್ ಬಿಡೋಕೂ ‘ಒಪ್ಪಿದ್ದೇನೆ’ ಅಂತ ಒಂದು ಗುಂಡಿ ಇಡ್ತೀವಿ. ಇಲ್ಲಿ ಹಿಂದೆ ಒಂದು ಕಾನೂನೂ ಇರಲಿಲ್ಲ. ಆಧಾರ್ ಕಾಯ್ದೆ ಪಾರ್ಲಿಮೆಂಟಿನಲ್ಲಿ ಪಾಸಾಗಿದ್ದು 2016ರ ಮಾರ್ಚ್‌ನಲ್ಲಿ, ಅದೂ ಹಣಕಾಸು ಮಸೂದೆ ರೂಪದಲ್ಲಿ. ಅಷ್ಟರಲ್ಲಿ ಹತ್ತಿರ ಹತ್ತಿರ 100 ಕೋಟಿ ಜನರ ನೋಂದಣಿ ಮುಗಿದಿತ್ತು. ಮೊದಲು ಪ್ರೊಡಕ್ಷನ್, ಆಮೇಲೆ ಡಿಸೈನ್ ರಿವ್ಯೂ!

ಕಂಪ್ಯೂಟರ್ ಬಂದಿದ್ದೇ ತಪ್ಪು ಅಂತ ನಾನು ಹೇಳ್ತಿಲ್ಲ. ಶಾನುಭೋಗರ ಕಡತದ ಕಾಲವನ್ನ ಹೊಗಳೋರು ಆ ಕಡತದ ಮುಂದೆ ಕೈಕಟ್ಟಿ ನಿಂತವರಲ್ಲ. 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಶಾನುಭೋಗಿಕೆ ಹೋಯ್ತು, ಗ್ರಾಮ ಲೆಕ್ಕಿಗರು ಬಂದರು, ಪಹಣಿ ಮಾತ್ರ ಒಬ್ಬರ ಚೀಲದಲ್ಲೇ ಉಳೀತು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಹೋದವು. ಆಗ ತಾಲ್ಲೂಕು ಕಚೇರಿ ಕಿಟಕಿಯಲ್ಲಿ 15 ರೂಪಾಯಿ ಕೊಟ್ರೆ ಕಾಗದ ಕೈಗೆ ಬರ್ತಿತ್ತು. ಅದರಲ್ಲಿ ಇನ್ನೂ ಒಂದು ವಿಶೇಷ ಇತ್ತು: ಬೆರಳು ಒತ್ತಿ ಲಾಗಿನ್ ಆಗಬೇಕಾದವರು ಸರ್ಕಾರಿ ನೌಕರರು, ರೈತರಲ್ಲ. ಯಾರು ಏನು ತಿದ್ದಿದರು ಅನ್ನೋದಕ್ಕೆ ದಾಖಲೆ ಉಳಿಯಲಿ ಅಂತ. ಆಧಾರ್‌ನಲ್ಲಿ ಸ್ಕ್ಯಾನರ್ ಜನರ ಕಡೆ ತಿರುಗಿತು.

ಇದನ್ನ ಪ್ರಶ್ನೆ ಮಾಡಿದವರೂ ಕನ್ನಡನಾಡಿನವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಭಾರತದಲ್ಲಿ ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಅಂತ ಸರ್ಕಾರ ವಾದ ಮಾಡಿತು. ಅದಕ್ಕೆ ಆಸರೆ ಎರಡು ಹಳೇ ತೀರ್ಪು, 1954ರದ್ದು ಮತ್ತು 1962ರದ್ದು. ಎರಡನೆಯದು ಉತ್ತರ ಪ್ರದೇಶದ ಖರಕ್ ಸಿಂಗ್ ಕೇಸು. ಡಕಾಯಿತಿ ಆರೋಪದಲ್ಲಿ ಹಿಡಿದು, ಸಾಕ್ಷಿ ಇಲ್ಲ ಅಂತ ಬಿಟ್ಟ ಮನುಷ್ಯ. ಆದರೂ ಪೊಲೀಸರು ರಾತ್ರಿ ಹೊತ್ತು ಬಾಗಿಲು ಬಡಿದು ಎಬ್ಬಿಸ್ತಿದ್ದರು. ರಾತ್ರಿ ಬಂದು ಬಾಗಿಲು ಬಡಿಯೋದು ತಪ್ಪು ಅಂದ ಕೋರ್ಟು, ಖಾಸಗಿತನದ ಹಕ್ಕು ಮಾತ್ರ ಸಂವಿಧಾನದಲ್ಲಿಲ್ಲ ಅಂದುಬಿಡ್ತು. ಖರಕ್ ಸಿಂಗ್ ಯಾವ ಲೆಕ್ಕದಲ್ಲಿ ಹೊಟ್ಟೆ ತುಂಬಿದವನು?

1954ರ ತೀರ್ಪು ಎಂಟು ನ್ಯಾಯಮೂರ್ತಿಗಳದ್ದು, ಹಾಗಾಗಿ ಒಂಬತ್ತು ಜನ ಕೂರಬೇಕಾಯ್ತು. 2017ರ ಆಗಸ್ಟ್ 24ರಂದು ಒಂಬತ್ತೂ ಜನ ಒಮ್ಮತದಿಂದ ಇದು ಮೂಲಭೂತ ಹಕ್ಕು ಅಂದರು. ಬಡವರಿಗೆ ಇದು ಬೇಕಿಲ್ಲ ಅನ್ನೋ ವಾದವನ್ನೂ ತಳ್ಳಿಹಾಕಿದರು.

ಆದರೆ 2018ರ ಸೆಪ್ಟೆಂಬರ್ 26ರ ಎರಡನೇ ತೀರ್ಪು ಬಂದಾಗ ನಮ್ಮ ಆಫೀಸಿನಲ್ಲಿ ಚಪ್ಪಾಳೆ ಹೊಡೆದವರನ್ನ ಕಂಡು ನನಗೆ ಪಿಚ್ಚೆನಿಸಿತು. ಬ್ಯಾಂಕ್ ಖಾತೆಗೆ, ಸಿಮ್ಮಿಗೆ ಆಧಾರ್ ಕಡ್ಡಾಯ ಅಲ್ಲ ಅಂದರು, ಖಾಸಗಿ ಕಂಪನಿಗಳಿಗೆ ದಾರಿ ಮಾಡಿದ್ದ 57ನೇ ಸೆಕ್ಷನ್‌ಗೂ ಕತ್ತರಿ ಬಿತ್ತು. ಅದು ನಮ್ಮಂಥವರ ಕಿರಿಕಿರಿ, ಬಗೆಹರೀತು. ರೇಷನ್, ಪಿಂಚಣಿ ಥರದ ಸವಲತ್ತಿಗೆ ಆಧಾರ್ ಬೇಕು ಅನ್ನೋ 7ನೇ ಸೆಕ್ಷನ್ ಹಾಗೇ ಉಳೀತು, 4–1 ಬಹುಮತದಲ್ಲಿ. ಇಡೀ ಕಾಯ್ದೆಯೇ ಅಸಾಂವಿಧಾನಿಕ ಅಂದವರು ನ್ಯಾಯಮೂರ್ತಿ ಚಂದ್ರಚೂಡ್ ಒಬ್ಬರೇ. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು, 98ನೇ ವಯಸ್ಸಿನಲ್ಲಿ.

ನಮ್ಮಜ್ಜಿ ವರ್ಷಾನುಗಟ್ಟಲೆ ಕಡ್ಲೆಕಾಯಿ ಬಿಡಿಸಿ, ಹುಣಸೆಹಣ್ಣು ಜಜ್ಜಿ ಬೆರಳಿನ ಗೆರೆ ಸವೆಸಿಕೊಂಡಿದ್ದಾರೆ. ರೇಷನ್ ಅಂಗಡಿ ಮಷೀನು ನಾಲ್ಕು ಸಲ ಒತ್ತಿದರೂ ಅವರನ್ನ ಗುರುತು ಹಿಡಿಯಲ್ಲ. ಆಗ ಇರೋ ದಾರಿ ಓಟಿಪಿ. ಅವರ ಹೆಸರಿಗೆ ಜೋಡಿಸಿರೋದು ನನ್ನ ನಂಬರು. ತಿಂಗಳಿಗೊಂದು ಸಲ, ಬಹುತೇಕ ಬೆಳಗಿನ ಸ್ಟ್ಯಾಂಡಪ್ ಮೀಟಿಂಗ್ ನಡುವೆಯೇ, ಅಂಗಡಿಯವರ ಫೋನಿಂದ ಅಜ್ಜಿ ಕೂಗ್ತಾರೆ: ‘ಮಗಾ, ನಂಬರ್ ಹೇಳಪ್ಪ, ಹಿಂದೆ ಜನ ನಿಂತವ್ರೆ.’ ಮ್ಯೂಟ್ ಒತ್ತಿ ಒಂದೊಂದೇ ಅಂಕಿ ಹೇಳ್ತೀನಿ. ಅಜ್ಜಿ ಅದನ್ನ ಸಾಲಿನಲ್ಲಿ ನಿಂತ ಎಲ್ಲರಿಗೂ ಕೇಳೋ ಹಾಗೆ ಗಟ್ಟಿಯಾಗಿ ತಿರುಗಿ ಹೇಳ್ತಾರೆ.